ಜುನಿಲ್ದಾಳ ಲಾಗಿನ್

ಜುನಿಲ್ದಾ ಬಾರೆತೊ ಅಂದ್ರೆ ನನಗೆ ಮೈಯೆಲ್ಲ ಉರೀತಿತ್ತು. ಲೂಕೆ ಊರಿನ ನಮ್ಮ ಡಯಾಲಿಸಿಸ್ ಕ್ಲಿನಿಕ್ಕಿನ ಸರ್ವರ್ ನೋಡಿಕೊಳ್ಳೋದು ಅವಳ ಕೆಲಸ. ಯಾವ ರೋಗಿಗೆ ಯಾವಾಗ ಯಾವ ಯಂತ್ರ ಅನ್ನೋದೆಲ್ಲ ಅದರೊಳಗೇ.

ಮೊದಲು ಕೌಂಟರಿನಲ್ಲಿ ಕೂರುವ ನಮಗೆಲ್ಲ ಒಂದೇ ಲಾಗಿನ್. ತಣ್ಣನೆ ಸೊಪ್ಪಿನ ಪಾನೀಯ ತೆರೆರೆ ಕುಡಿಯುವಾಗ ಒಂದೇ ಲೋಟ, ಒಂದೇ ಕೊಳವೆ ಎಲ್ಲರ ಬಾಯಿಗೂ ಹೋಗುತ್ತಲ್ಲ, ಹಾಗೆ. ಇವಳು ಬಂದು ತಲೆಗೊಂದು ಲಾಗಿನ್ ಮಾಡಿದಳು.

"ನಮ್ಮ ಎಂಜಲು ಅಸಹ್ಯ ಆಯ್ತೇನೆ ನಿಂಗೆ?" ಅಂದೆ.

"ಯಾರು ಏನು ಮಾಡಿದ್ರು ಅಂತ ಗೊತ್ತಾಗ್ಬೇಕಲ್ವೇನೆ?"

ಅಬ್ಬಾ, ಜಂಬವೇ! ಆಮೇಲೆ ಅವಳಿಗೆ ನಾವು ತೆರೆರೆ ಲೋಟವನ್ನೇ ಕೊಡಲಿಲ್ಲ.

ನಮ್ಮ ನಿರ್ದೇಶಕ ದೋನ್ ಎವೆಲಿಯೊಗೆ ಅವಳ ಲಾಗಿನ್ನೇ ಬೇಕಾಯ್ತು. ಅದಕ್ಕೊಂದಕ್ಕೇ ಪೂರ್ತಿ ಅಧಿಕಾರ. ಆಡಳಿತ ಮಂಡಳಿಗೆ ಕೊಡೋ ವರದಿ ತನ್ನ ಲಾಗಿನ್‌ನಲ್ಲಿ ಬರೋದು ನಿಧಾನವಂತೆ.

"ಕ್ಲಿನಿಕ್ ಶುರುವಾದಾಗಿನ ದಾಖಲೆ ಎಲ್ಲಾ ಒಟ್ಟಿಗೆ ಕೇಳಿದ್ರೆ ಇನ್ನೇನಾಗುತ್ತೆ? ತಿಂಗಳು ತಿಂಗಳಾಗಿ ಕೇಳಿ. ಇಲ್ದಿದ್ರೆ ಕೌಂಟರೇ ನಿಂತುಹೋಗುತ್ತೆ" ಅಂದಳು.

"ನಂಗೇ ಪಾಠ ಹೇಳ್ತೀಯಾ? ಕೊಡು, ಇಲ್ಲಾ ಮನೆಗೆ ನಡಿ!"

ಅವಳ ಗಂಡ ರುಫಿನೊಗೆ ಡಯಾಲಿಸಿಸ್ ಆಗ್ತಿದ್ದದ್ದು ಇಲ್ಲೇ, ನೌಕರರ ಮನೆಯವರಿಗೆ ಮೀಸಲಿಟ್ಟ ಪಾಲಿನಲ್ಲಿ. ಕೆಲಸ ಹೋದರೆ ಯಂತ್ರವೂ ಹೋಯಿತು. ನಮ್ಮೆಲ್ಲರ ಎದುರೇ ಪಾಸ್‌ವರ್ಡ್ ಹೇಳಿದಳು.

ಮರುದಿನವೇ ಎವೆಲಿಯೊ ಅವಳ ಲಾಗಿನ್‌ನಿಂದ ಎಲ್ಲಾ ದಾಖಲೆ ಒಟ್ಟಿಗೆ ಕೇಳಿದ. ಕೌಂಟರಿನ ಪರದೆಗಳು ಸ್ತಬ್ಧ. ಮುಖ ಊದಿದ ರೋಗಿಗಳು ಗೋಡೆ ಹಿಡಿದು ನಿಂತರು, ಯಾರ ಸರದಿಯೂ ಗೊತ್ತಾಗಲಿಲ್ಲ. ಮಂಡಳಿಯ ಅಧ್ಯಕ್ಷೆ ಓಡಿ ಬಂದರು.

"ಇದು ಜುನಿಲ್ದಾ ಲಾಗಿನ್‌ನಿಂದ ಆಗಿರೋದು. ಅವಳನ್ನೇ ಕೇಳಿ" ಅಂದ ಆ ಮಹಾನುಭಾವ.

ನನಗೆ ತಡೆಯಲಾಗಲಿಲ್ಲ. "ಥೂ, ನಾಚಿಕೆ ಆಗಲ್ವಾ? ಅವಳು ಪಾಸ್‌ವರ್ಡ್ ನಿಮಗೆ ಕೊಟ್ಟದ್ದನ್ನ ನಾನೇ ನೋಡಿದೀನಿ!"

ಮಿಕ್ಕವರೆಲ್ಲ ನೆಲ ನೋಡಿದರು.

"ಕೊಟ್ಟೆಯೇನಮ್ಮಾ?" ಅಂದರು ಅಧ್ಯಕ್ಷೆ, ಜುನಿಲ್ದಾಳತ್ತ ತಿರುಗಿ.

"ಕೊಟ್ಟೆ. ಕೊಡಬಾರದಿತ್ತು."

"ಹಾಗಾದ್ರೆ ನಿಯಮ ಮುರಿದವಳು ನೀನೇ" ಅಂತ ಅವಳನ್ನೇ ಕೆಲಸದಿಂದ ತೆಗೆದರು. ಎಂಥಾ ನ್ಯಾಯ ನೋಡಿ!

ಅವಳು ಚೀಲ ಎತ್ತಿಕೊಂಡು ಹೋದಮೇಲೆ ಎವೆಲಿಯೊ ನನ್ನ ಕೌಂಟರಿಗೆ ಬಂದ. ರುಫಿನೊ ಸಾಲಿನ ಮುಂದೆಯೇ ಕೂತಿದ್ದ.

"ನೌಕರರ ಪಾಲಿಂದ ಅವನ ಹೆಸರು ತೆಗಿ."

ಕುರ್ಚಿ ಬಿಟ್ಟು ಎದ್ದೆ. "ಬನ್ನಿ, ನಿಮ್ಮ ಲಾಗಿನ್‌ನಲ್ಲಿ ನೀವೇ ತೆಗೀರಿ. ತೆಗೆದವರು ಯಾರು ಅಂತ ನಿಮ್ಮ ಹೆಸರೇ ಬೀಳ್ಲಿ."

ಆತ ಪರದೆ ನೋಡಿದ, ರುಫಿನೊನನ್ನು ನೋಡಿದ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಹೆಸರು ಇವತ್ತಿಗೂ ಹಾಗೇ ಇದೆ. ಜುನಿಲ್ದಾ ಗಂಡನನ್ನು ಕೈಹಿಡಿದು ಕರೆತರುತ್ತಾಳೆ. ನನ್ನ ಮುಖ ಕೂಡ ನೋಡಲ್ಲ, ಸಿಡುಕಿ.