ದ್ಯಾಮಣ್ಣನ ದಮ್ಮು

ಹಿಟ್ನಾಳದ ದ್ಯಾಮಣ್ಣ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಗಟ್ಟಿಯಾದ ಮೈಯವನು. ಕಬಡ್ಡಿ ಅಂಗಳಕ್ಕೆ ಇಳಿದರೆ ಎದುರಿನವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕೆಳತುಟಿಯ ಹಿಂದೆ ತಂಬಾಕು ಒತ್ತಿಕೊಂಡೇ ಆಡುವುದು ಅವನ ರೂಢಿ. ಊರ ಹುಡುಗರು ಅವನಂತೆ ತೊಡೆ ತಟ್ಟುವುದನ್ನೂ ಕಲಿತರು, ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುವುದನ್ನೂ ಕಲಿತರು. ಅದನ್ನು ಕಂಡು ಅವನ ಕೈ ತಾನಾಗಿ ಮೀಸೆಗೆ ಹೋಗುತ್ತಿತ್ತು.

೧೯೯೮ರಲ್ಲಿ ಅವನ ಓರಗೆಯ ಹುಲಿಗೆಪ್ಪ ಕುಷ್ಟಗಿಯಿಂದ ವರ್ಗವಾಗಿ ಊರಿನ ಶಾಲೆಗೆ ಜವಾನನಾಗಿ ಬಂದ. ಕಡ್ಡಿಯಂಥ ಮೈ, ಆದರೆ ಒಳ್ಳೆಯ ಆಟಗಾರ; ಸಂಜೆ ಹುಡುಗರಿಗೆ ಕಬಡ್ಡಿ ಕಲಿಸತೊಡಗಿದ. ಅಂಗಳಕ್ಕೆ ಬರುವವರು ತಂಬಾಕಿನ ಚಂಚಿಯನ್ನು ಬೇವಿನ ಟೊಂಗೆಗೆ ತೂಗುಹಾಕಿ ಬರಬೇಕು, ಬೇಕಾದವರು ಹೋಗುವಾಗ ಒಯ್ಯಲಿ ಎಂದ. ಮೊದಮೊದಲು ಎಲ್ಲರೂ ಒಯ್ದರು. ದೀಪಾವಳಿಯ ಹೊತ್ತಿಗೆ ಆರು ಚಂಚಿಗಳು ಟೊಂಗೆಯಲ್ಲೇ ಮಳೆಗೆ ನೆಂದು ಬೂಷ್ಟು ಹಿಡಿದವು.

ದ್ಯಾಮಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಹುಡುಗರು ಆ ಸೊಣಕಲನಲ್ಲಿ ಏನು ಕಂಡರು ಎಂದು ರೊಟ್ಟಿ ಮುರಿಯುವಾಗಲೂ ಅದೇ ಗೊಣಗಾಟ. ಹೆಂಡತಿ ಮುದಕಮ್ಮ ಕೇಳಿ ಕೇಳಿ ಬೇಸತ್ತಳು.

"ಅವಂದು ದಮ್ಮು ಎದ್ಯಾಗ ಐತಿ. ನಿಮ್ದು ಚಂಚ್ಯಾಗ ಐತ್ರಿ."

ಮರುದಿನವೇ ದ್ಯಾಮಣ್ಣ ಅಂಗಳಕ್ಕೆ ಹೋಗಿ ಸವಾಲು ಹಾಕಿದ. ಒಂದೇ ಉಸಿರಿನಲ್ಲಿ ಯಾರು ಹೆಚ್ಚು ಹೊತ್ತು ಕಬಡ್ಡಿ ಅನ್ನುತ್ತಾರೋ, ಹುಡುಗರು ಅವರ ಹಿಂದೆ ಹೋಗಬೇಕು.

"ಬಾಯಾಗಿಂದು ಉಗುಳಿ ಬಾರೋ ದ್ಯಾಮಣ್ಣ," ಎಂದ ಹುಲಿಗೆಪ್ಪ.

"ಇದು ಇದ್ರನ ನನಗ ಕಸುವು. ನಿನಗ್ಯಾಕ ಚಿಂತಿ?"

ಇಬ್ಬರೂ ಒಟ್ಟಿಗೆ ಶುರು ಮಾಡಿದರು. ನಡುವೆ ತಂಬಾಕಿನ ರಸ ದ್ಯಾಮಣ್ಣನ ಗಂಟಲಿಗೆ ಇಳಿಯಿತು. ಉಗುಳಿದರೆ ಉಸಿರು ಮುರಿಯುತ್ತದೆಂದು ನುಂಗಿದ. ಕಣ್ಣಿಗೆ ಕತ್ತಲೆ ಬಂದು, ಕುಕ್ಕರಿಸಿ ವಾಂತಿ ಮಾಡಿಕೊಂಡ. ಹುಡುಗರು ನಕ್ಕರು. ನಗದವನು ಹುಲಿಗೆಪ್ಪನೊಬ್ಬನೇ. ಓಡಿ ಬಂದು ನೀರು ಕುಡಿಸಿ ಬೆನ್ನು ನೀವಿದ. ಆ ಕೈ ದ್ಯಾಮಣ್ಣನಿಗೆ ಕಾದ ಹಂಚಿನಂತೆ ಸುಟ್ಟಿತು.

ಅಂದೇ ತಂಬಾಕು ಬಿಟ್ಟ. ಆರೋಗ್ಯಕ್ಕಲ್ಲ, ಹೊಟ್ಟೆಕಿಚ್ಚಿಗೆ. ತಲೆ ಸಿಡಿದರೂ, ಬಾಯಿ ಚಪ್ಪೆಯಾದರೂ ಹುರಿಗಡಲೆ ಅಗಿದು ತಡೆದ. ಹುಲಿಗೆಪ್ಪ ಏಳುವ ಮೊದಲೇ ಎದ್ದು ಕಾಲುವೆ ದಂಡೆಯಲ್ಲಿ ಓಡಿದ. ಒಬ್ಬೊಬ್ಬರಾಗಿ ಹುಡುಗರು ಅವನ ಹಿಂದೆಯೂ ಓಡತೊಡಗಿದರು, ಹುರಿಗಡಲೆಗೂ ಕೈ ಚಾಚಿದರು.

ಮುಂದಿನ ವರ್ಷ ಯಲಬುರ್ಗಾದ ಪಂದ್ಯದಲ್ಲಿ ಮೂವರನ್ನು ಎಳೆದುಕೊಂಡು ಬಂದು ಗೆರೆ ಮುಟ್ಟಿದಾಗ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಹುಲಿಗೆಪ್ಪ. ದ್ಯಾಮಣ್ಣನಿಗೆ ಅದನ್ನೂ ಸಹಿಸಲಾಗಲಿಲ್ಲ.

"ಗೆದ್ದಾಂವ ನಾನು. ಅಂವ ಯಾಕ ಖುಷಿ ಪಡ್ತಾನ?" ಎಂದು ಊರು ಮುಟ್ಟುವವರೆಗೂ ಗೊಣಗಿದ.