ಕಾಳಪ್ಪ ಕಾಕಾ ಕೊರೆಯದ ಮೂರು ಅಕ್ಷರ

ಕಾಳಪ್ಪ ಕಾಕಾ ಬೋರ್ಡು ಓದುತ್ತಿರಲಿಲ್ಲ, ಬೋರ್ಡಿನ ಜೊತೆ ಜಗಳಾಡುತ್ತಿದ್ದರು. ಇಳಕಲ್ ಬಸ್ ಸ್ಟ್ಯಾಂಡಿನಿಂದ ಪೇಟೆಯವರೆಗೆ ಅವರ ಜೊತೆ ನಡೆಯುವುದೆಂದರೆ ನನಗೆ ಮುಜುಗರ. ಯಾವುದೋ ಅಂಗಡಿಯ ಮುಂದೆ ಗಕ್ಕನೆ ನಿಂತು, ಹೆಬ್ಬೆರಳಿನ ಉಗುರನ್ನು ಗಾಳಿಯಲ್ಲಿ ಎಳೆದು, ಬೇಡದ ಅಕ್ಷರಗಳನ್ನು ಒಂದೊಂದಾಗಿ ಹೊಡೆದುಹಾಕುವರು.

"ಎರಡು ಶ್ರೀ ಯಾಕ್ರಿ? ಒಂದಕ್ಕ ದೇವರು ಓಗೊಡಂಗಿಲ್ಲೇನು?"

"ಬಂದ ನೋಡ್ರಿ ಅಕ್ಷರದ ಫೌಜ್ದಾರ!" ಎಂದು ಅಂಗಡಿಯವರು ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. ಅವರಿಗೆ ಖರೇನೇ ಸಿಟ್ಟು ಬಂದಿರುತ್ತಿತ್ತು.

ಅವರ ಕೆಲಸ ಗ್ರಾನೈಟಿನಲ್ಲಿ ಅಕ್ಷರ ಕೊರೆಯುವುದು. ನಮ್ಮ ಕಡೆಯ ಕೆಂಪು ಕಲ್ಲು ಎಷ್ಟು ಗಟ್ಟಿಯೆಂದರೆ, ಉಳಿ ಅರ್ಧ ಅಕ್ಷರಕ್ಕೇ ಮೊಂಡಾಗುತ್ತದೆ. ಒಂದು ಅಕ್ಷರಕ್ಕೆ ಅರ್ಧ ದಿನ. ಕೊರೆದು ಮುಗಿದ ಮೇಲೆ ಉಫ್ ಎಂದು ಊದಿ, ಕಣ್ಣು ಮುಚ್ಚಿ ಬೆರಳಿಂದ ಓದಿ ನೋಡುವರು. ಹುಬ್ಬಿನ ತುಂಬಾ ಕಲ್ಲಿನ ಪುಡಿ. ಅರ್ಧ ದಿನ ಬೆವರು ಸುರಿಸುವವನಿಗೆ ಆ ಅಕ್ಷರ ಯಾಕೆ ಬೇಕೆಂದು ಕೇಳುವ ಹಕ್ಕಿದೆ ಅನ್ನುವುದು ಅವರ ವಾದ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹೊಸ ಮನೆ ಕಟ್ಟಿಸಿದ ನಿವೃತ್ತ ಪ್ರಾಧ್ಯಾಪಕರೊಬ್ಬರು ಗೇಟಿನ ಕಲ್ಲಿಗೆ ತಮ್ಮ ಹೆಸರು, ಅದರ ಹಿಂದೆ ನಾಲ್ಕು ಡಿಗ್ರಿ ಬರೆದುಕೊಟ್ಟಿದ್ದರು. ಕಾಕಾ ಹೆಸರಷ್ಟೇ ಕೊರೆದು ಒಯ್ದರು.

"ಡಿಗ್ರಿ ಎಲ್ಲೆ ಹೋದುವೋ?"

"ನಿಮ್ಮನ್ನ ಹುಡಕ್ಕೊಂಡು ಬಂದವ್ರು ಅದನ್ನೆಲ್ಲಾ ಓದಿ ಮುಗಸೂದ್ರಾಗ ನೀವು ವಾಕಿಂಗ್ ಹೋಗಿರ್ತೀರಿ, ಸರ. ಹೆಸರು ಕಂಡ್ರ ಸಾಕಲ್ಲ?"

ಬಯ್ಗುಳ ತಿಂದು ಬಂದರು, ಆದರೆ ಕಲ್ಲು ಹಾಗೇ ನಿಂತಿತು. ಈಗಲೂ ಇದೆ, ಹೋಗಿ ನೋಡಿ.

ನನ್ನ ಕಥೆ ಬೇರೆ. ನನಗಾಗ ಇಪ್ಪತ್ತು ವರ್ಷ. ಕಂಪ್ಯೂಟರ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ.ಗಳಿಂದ, ಸೈಬರ್ ಕೆಫೆಯಲ್ಲಿ ಕುಂತು, ಯಾರೂ ಹೇಳಿಕೊಡದೆ ವೆಬ್‌ಸೈಟು ಮಾಡುವುದನ್ನು ಕಲಿತಿದ್ದೆ. ಕಲಿತದ್ದಕ್ಕಿಂತ ನಾಲ್ಕು ಪಟ್ಟು ಮಾತಾಡುತ್ತಿದ್ದೆ. ನಮ್ಮೂರಿನ ನೇಕಾರರ ಸಂಘದವರು ಹೊಸ ಸೀರೆ ಮಳಿಗೆ ಕಟ್ಟಿಸಿ, ಅದಕ್ಕೊಂದು ವೆಬ್‌ಸೈಟು ಬೇಕೆಂದಾಗ ಕೆಲಸ ನನಗೆ ಬಂತು. ಮಳಿಗೆಯ ಬಾಗಿಲ ಪಕ್ಕ ಹಾಕುವ ಕಲ್ಲಿನ ಕೆಲಸ ಕಾಕಾಗೆ. ಕಲ್ಲಿನ ಮೇಲೆ ಸಂಘದ ಹೆಸರು, ಅದರ ಕೆಳಗೆ ವೆಬ್‌ಸೈಟಿನ ವಿಳಾಸ. ಕಲ್ಲಿನಲ್ಲಿ ವೆಬ್‌ಸೈಟು! ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಕಾರ್ಯದರ್ಶಿ ಸಂಗಣ್ಣನವರು ಬರೆದುಕೊಟ್ಟ ಚೀಟಿ ಹಿಡಿದು ಕಾಕಾ ಕೆಫೆಗೇ ಬಂದರು.

"ತಮ್ಮಾ, ಈ ಮುಂದಿನ ಮೂರು ಅಕ್ಷರ ಏನಿವು? ಮೂರೂ ಒಂದ ಅದಾವಲ್ಲ?"

"ಡಬ್ಲ್ಯು ಡಬ್ಲ್ಯು ಡಬ್ಲ್ಯು ಕಾಕಾ. ಜಗತ್ತಿನ ತುಂಬಾ ಹಬ್ಬಿದ ಜಾಲ ಅಂತ ಅರ್ಥ."

"ಎಲ್ಲಾರ ಹೆಸರಿನ ಮುಂದೂ ಇರತಾವೇನು?"

"ಹೂಂರಿ, ಎಲ್ಲಾರಿಗೂ."

"ಎಲ್ಲಾರಿಗೂ ಇದ್ದದ್ದು ಇವರ ಗುರ್ತು ಹೆಂಗಾತೋ? ಇವು ಇಲ್ಲಂದ್ರ ಬರಂಗಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು. ದೊಡ್ಡ ದೊಡ್ಡ ಸೈಟುಗಳು ಡಬ್ಲ್ಯು ಇಲ್ಲದೆಯೂ ತೆರೆಯುವುದನ್ನು ನೋಡಿದ್ದೆ, ಅಷ್ಟೇ. "ಬರತೈತ್ರಿ, ನೋಡ್ರಿ ಬೇಕಾದ್ರ" ಎಂದು ಡಬ್ಲ್ಯು ಬಿಟ್ಟು ಟೈಪು ಮಾಡಿದೆ. ಸ್ವಲ್ಪ ಹೊತ್ತು ಕಾಯಿಸಿ ಸೀರೆಯ ಚಿತ್ರ ಮೆಲ್ಲಗೆ ಇಳಿಯಿತು. "ಬಂತಲ್ರಿ!"

ಕಾಕಾ ಸೀರೆ ನೋಡಲಿಲ್ಲ. ತೆರೆಯ ಮೇಲ್ತುದಿಯಲ್ಲಿದ್ದ ವಿಳಾಸಕ್ಕೆ ಬೆರಳಿಟ್ಟರು.

"ನೀ ಬರಿಯೂ ಮುಂದ ಇವು ಇರಲಿಲ್ಲ. ಈಗ ಮೂರೂ ಬಂದು ಕುಂತಾವ. ಎಲ್ಲಿಂದ ಬಂದ್ವು?"

"ಅವು ತಾನ ಹಚ್ಚಿಕೊಳ್ತಾವ ಕಾಕಾ. ನೀವು ತಲಿ ಕೆಡಿಸ್ಕೋಬ್ಯಾಡ್ರಿ."

ಆ ಮಾತು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಇಂಗ್ಲಿಷ್ ಬಾರದ ಮನುಷ್ಯ ಅಕ್ಷರ ನೋಡಿಯೇ ತಪ್ಪಿನ ಮೇಲೆ ಬೆರಳಿಟ್ಟಿದ್ದ. ಎಲ್ಲ ಬಲ್ಲ ನಾನು ಆ ಬೆರಳನ್ನು ತಳ್ಳಿಹಾಕಿದೆ. ನಡೆದದ್ದು ಇಷ್ಟು. ಡಬ್ಲ್ಯು ಇರುವ ಹೆಸರು, ಇಲ್ಲದ ಹೆಸರು, ಇವೆರಡು ಬೇರೆ ಬೇರೆ ಬಾಗಿಲು. ಸೈಟು ಇಟ್ಟ ಕಡೆ ಎರಡಕ್ಕೂ ದಾರಿ ಬರೆದಿಡಬೇಕು. ನಾನು ಡಬ್ಲ್ಯು ಇರುವ ಒಂದಕ್ಕಷ್ಟೇ ಬರೆದಿದ್ದೆ. ಆ ಯಂತ್ರದಲ್ಲಿ ನಾನು ಹಾಕಿಕೊಂಡಿದ್ದ ಹೊಸ ಬ್ರೌಸರು, ಹೆಸರು ಸಿಗದಿದ್ದರೆ ತಾನೇ ಮುಂದೆ ಡಬ್ಲ್ಯು ಸೇರಿಸಿ ಇನ್ನೊಮ್ಮೆ ಹುಡುಕುತ್ತಿತ್ತು. ಊರಿನ ಬೇರೆ ಕಂಪ್ಯೂಟರುಗಳಲ್ಲಿ ಇದ್ದದ್ದು ಹಳೆಯ ಬ್ರೌಸರು. ಅದಕ್ಕೆ ಆ ಬುದ್ಧಿ ಇರಲಿಲ್ಲ.

ಕಾಕಾ ಡಬ್ಲ್ಯು ಬಿಟ್ಟು ಕೊರೆದರು. ಎಂಥ ಚೆಂದದ ಕಲ್ಲು ಅದು!

ಮಳಿಗೆ ತೆರೆಯುವ ದಿನ ಪೆಂಡಾಲು ತುಂಬಿತ್ತು. ಮಗ್ಗ ನಿಲ್ಲಿಸಿ ಬಂದ ನೇಕಾರರು, ತಾವೇ ನೇಯ್ದ ಸೀರೆಯುಟ್ಟ ಹೆಂಗಸರು. ಮೇಜಿನ ಮೇಲೆ ಸಂಘದ ಹೊಸ ಕಂಪ್ಯೂಟರು, ಅದಕ್ಕೆ ಫೋನಿನ ತಂತಿ, ಒಳಗೆ ಮಾತ್ರ ಅದೇ ಹಳೆಯ ಬ್ರೌಸರು. ಬಾಗಲಕೋಟೆಯಿಂದ ಬಂದಿದ್ದ ಅತಿಥಿ ಕಲ್ಲಿನ ಮೇಲಿನ ವಿಳಾಸವನ್ನು ಗಟ್ಟಿಯಾಗಿ ಓದುತ್ತಾ ಒಂದೇ ಬೆರಳಿನಲ್ಲಿ ಟೈಪು ಮಾಡಿದರು. ಪುಟ ಸಿಗಲಿಲ್ಲ. ಇನ್ನೊಮ್ಮೆ ಮಾಡಿದರು. ಸಿಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಸಂಗಣ್ಣನವರು ಜೇಬಿನ ಚೀಟಿ ತೆಗೆದು ಕಲ್ಲಿಗೆ ಹೋಲಿಸಿ ನೋಡಿದರು. ಮುಖ ಕೆಂಪಾಯಿತು.

"ಏನೋ ಕಾಳಪ್ಪ, ಬರಕೊಟ್ಟದ್ದನ್ನ ಕೊರಿಯಾಕೂ ಬರಂಗಿಲ್ಲೇನು ನಿನಗ? ಮೂರು ಅಕ್ಷರ ನುಂಗೀಯಲ್ಲೋ!"

"ನುಂಗಿಲ್ರಿ. ಕೇಳೇ ಬಿಟ್ಟೀನಿ. ಅಲ್ಲೆ ನಿಂತಾನ ನೋಡ್ರಿ, ಆ ಹುಡುಗನ್ನ ಕೇಳ್ರಿ."

ಇಡೀ ಪೆಂಡಾಲು ನನ್ನ ಕಡೆ ತಿರುಗಿತು.

"ಹೌದೇನಪಾ? ಇಲ್ಲದಿದ್ರೂ ನಡಿತೈತಿ ಅಂತ ನೀ ಹೇಳಿದ್ದೇನು?"

"ಇಲ್ರಿ," ಎಂದೆ. "ಡಬ್ಲ್ಯು ಇರಬೇಕಾಗಿತ್ರಿ."

ಎರಡು ಶ್ರೀ ನೋಡಿ ಕೂಗಾಡುವ ಮನುಷ್ಯ ನನ್ನ ಮೇಲೆ ಕೂಗಾಡಲಿಲ್ಲ. ಸುತ್ತಿಗೆಯಿಂದ ಬಡಿದಾಗ ಸಪ್ಪಳ ಸರಿ ಬರದಿದ್ದರೆ, ಒಳಗೆ ಬಿರುಕಿದೆಯೆಂದು ತಿಳಿದು ಕಲ್ಲನ್ನು ಪಕ್ಕಕ್ಕಿಡುವುದು ಅವರ ರೂಢಿ, ಹಾಗೆ ನನ್ನನ್ನು ಒಂದು ಸಲ ನೋಡಿದರು. ಮರುದಿನ ಮುಂಜಾನೆ ತಾವೇ ಬಂದು ಕಲ್ಲು ಕಿತ್ತು, ಕೈಗಾಡಿಯಲ್ಲಿ ಹೇರಿಕೊಂಡು ಹೋದರು. ಅದರ ಜಾಗಕ್ಕೆ ಮಷಿನ್ನಿನಲ್ಲಿ ಕೊರೆದ ಕಲ್ಲು ಬಂತು, ಮೂರೂ ಡಬ್ಲ್ಯು ಸಮೇತ. "ಕಾಳಪ್ಪಗ ಕೊಟ್ರ ಅಕ್ಷರ ನುಂಗ್ತಾನ" ಎಂಬ ಮಾತು ಹುನಗುಂದದವರೆಗೂ ಹೋಯಿತು. ಮಷಿನ್ನು ಬಂದು ಹೇಗೂ ಕಷ್ಟವಿತ್ತು. ಅದರ ಮೇಲೆ ಇದು. ವರ್ಷದೊಳಗೆ ಕಾಕಾನ ಉಳಿ ನಿಂತಿತು.

ನಾನು ಅದೇ ವಾರ ಹುಡುಕಿ ಹುಡುಕಿ ತಪ್ಪು ಕಂಡುಹಿಡಿದೆ. ಒಂದೇ ಒಂದು ಸಾಲು ಬರೆಯುವುದಿತ್ತು. ಬರೆದೆ. ಡಬ್ಲ್ಯು ಇಲ್ಲದೆಯೂ ಸೈಟು ತೆರೆಯಿತು, ಯಾವ ಕಂಪ್ಯೂಟರಿನಲ್ಲಾದರೂ. ಏದುಸಿರು ಬಿಡುತ್ತಾ ಕಾಕಾನ ಮನೆಗೆ ಓಡಿದೆ.

"ಕಾಕಾ, ಈಗ ಬರತೈತ್ರಿ! ನಿಮ್ಮ ಕಲ್ಲು ಸರಿ ಐತಿ!"

"ನನ್ನ ಕಲ್ಲು ಸರಿ ಇತ್ತು ಅಂತ ನನಗ ಗೊತ್ತೈತಿ. ಆ ದಿನ ಅಲ್ಲಿದ್ದವರ ಮುಂದ ಹೇಳಿ ಬಾ."

ನಾನು ಹೋಗಲಿಲ್ಲ. ಆಗ ಇನ್ನೂ ಎರಡು ಅಂಗಡಿಯವರು ನನ್ನ ಕಡೆ ಸೈಟು ಮಾಡಿಸುವ ಮಾತಾಡಿದ್ದರು. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಪೇಟೆಯಲ್ಲಿ ಎಲ್ಲಿ ಕಂಡರೂ ಕಾಕಾ ಒಂದೇ ಮಾತು ಕೇಳುತ್ತಿದ್ದರು. "ಹೇಳಿದೇನು?" ನಾನು ತಲೆ ತಗ್ಗಿಸಿ ಸೈಕಲ್ ತಿರುಗಿಸುತ್ತಿದ್ದೆ. ಕೊನೆಯ ಸಲ ಸಿಕ್ಕದ್ದು ಬಸ್ ಸ್ಟ್ಯಾಂಡಿನಲ್ಲಿ. ಕೆಮ್ಮುತ್ತಾ ಕುಂತಿದ್ದರು, ಪಕ್ಕದಲ್ಲಿ ದವಾಖಾನೆಯ ಚೀಲ. ಆ ದಿನ ಕೇಳಲಿಲ್ಲ. ಎದುರಿಗಿದ್ದ ಬೋರ್ಡಿನಲ್ಲಿ ಎರಡು ಶ್ರೀ ಇದ್ದವು. ಅದಕ್ಕೂ ಬೈಯಲಿಲ್ಲ.

ಅವರು ತೀರಿಕೊಂಡು ವರ್ಷವಾದ ಮೇಲೆ ಸಂಘದವರು ಮಳಿಗೆಗೆ ಹೊಸ ಫ್ಲೆಕ್ಸ್ ಹಾಕಿಸಿದರು. ಅದರಲ್ಲಿ ಡಬ್ಲ್ಯು ಇರಲಿಲ್ಲ! ಈಗ ಎಲ್ಲರೂ ಹಾಗೇ ಬರೆಯುತ್ತಾರಂತೆ. ನನಗೆ ರಕ್ತ ಕುದಿಯಿತು. ಸೀದಾ ಒಳಗೆ ಹೋಗಿ ಸಂಗಣ್ಣನವರ ಮುಂದೆ ಎಲ್ಲ ಹೇಳಿದೆ. ನಾನೇ ಹೇಳಿ ಬಿಡಿಸಿದ್ದೆ, ಸುಳ್ಳಾಡಿದ್ದೆ, ಕಾಕಾನ ತಪ್ಪು ಒಂದು ಕೂದಲಿನಷ್ಟೂ ಇರಲಿಲ್ಲ ಎಂದೆ.

"ಇರಲಿ ಬಿಡಪಾ, ಹಳೇ ಮಾತು. ಕಾಳಪ್ಪಂದು ಮೊದಲಿಂದ ಅಕ್ಷರ ಬಿಡೂ ಚಟಾನ ಇತ್ತು. ಚಾ ಕುಡಿತೀಯೇನು?"

ಚಹಾ ಕುಡಿಯದೆ ಎದ್ದು ಕಾಕಾನ ಮನೆಗೆ ಹೋದೆ. ಕಲ್ಲು ಅಂಗಳದಲ್ಲಿ ಗೋಡೆಗೆ ಒರಗಿತ್ತು, ಅಕ್ಷರದಲ್ಲಿ ಒಂದು ಕಣ ಧೂಳಿಲ್ಲ. ಕಾಕಾನ ಹೆಂಡತಿ ಗಂಗವ್ವ ಕಾಕಿ ಮೊರ ಬದಿಗಿಟ್ಟು ಬಂದಳು.

"ಕಾಕಿ, ಈ ಕಲ್ಲು ನನಗ ಕೊಡ್ತೀರೇನು?"

"ನೀ ಬಂದು ಕೇಳ್ತಿ ಅಂತ ಅವರು ಅಂದಿದ್ರು. ಹೇಳಿದ್ರ ಮಾತ್ರ ಕೊಡು ಅಂದಾರ. ಹೇಳಿದೇನು?"

"ಹೇಳೀನ್ರಿ. ಈಗ ಸಂಗಣ್ಣನವರ ಮುಂದ ಹೇಳೇ ಬಂದೀನಿ."

"ಒಬ್ಬರ ಮುಂದ?"

"ಹೂಂರಿ."

ಕಾಕಿ ಸೆರಗಿನಿಂದ ಕಲ್ಲನ್ನೊಮ್ಮೆ ಒರೆಸಿದಳು.

"ಆ ದಿನ ಪೆಂಡಾಲಿನಾಗ ಎಷ್ಟು ಮಂದಿ ಇದ್ರಪಾ?"

ಕಲ್ಲು ಅಲ್ಲೇ ಬಿಟ್ಟು ಬಂದು ಇದನ್ನು ಬರೆಯಲು ಕುಂತೆ.