ಬಿಡಿಸದೆ ಉಳಿಸಿದ ಗಂಟು

ತೊತೊನಿಕಪಾನ್ ಎಂಬ ಗುಡ್ಡಸೀಮೆಯ ಬಡಗಿಗಳ ಊರೊಂದರಲ್ಲಿ ತಲೆನೋವು ಬಂದರೆ ಯಾರೂ ಹಣೆ ಹಿಡಿದುಕೊಳ್ಳುವುದಿಲ್ಲ. ಕತ್ತು ಹಿಡಿದುಕೊಂಡು, ನೋವು ನೀವಿ ತೆಗೆಯುವ ಹಸಿಂತಾಳ ಮನೆಗೆ ಹೋಗುತ್ತಾರೆ. ಬೀರು, ಮಂಚಗಳನ್ನು ಬೆನ್ನಿಗೆ ಹೇರಿ, ಹೊರೆಗೆ ಕಟ್ಟಿದ ಹಣೆಪಟ್ಟಿಗೆ ಭಾರವನ್ನೆಲ್ಲ ಕೊಟ್ಟು ಗುಡ್ಡ ದಾಟುವ ಗಂಡಸರಿಗೆ ನೋವು ಹುಟ್ಟುವುದೇ ಕತ್ತಿನಲ್ಲಿ. ಅಲ್ಲಿಂದ ಮೇಲೇರಿ ಒಂದು ಕಣ್ಣಿನ ಹಿಂದೆ ಬಂದು ಕೂರುತ್ತದೆ. ಹಸಿಂತಾ ಬುರುಡೆಯ ಬುಡಕ್ಕೆ ಹೆಬ್ಬೆರಳಿಟ್ಟು, ಸಿಕ್ಕಿದ ಗಂಟು ಕರಗುವವರೆಗೂ ಕೈ ತೆಗೆಯುತ್ತಿರಲಿಲ್ಲ. ಅವಳ ಬೈಗುಳವೂ ಜೊತೆಗೇ ನಡೆಯುತ್ತಿತ್ತು.

ಅವಳ ಗಂಡ ಸಿರಿಯಾಕೊ ಕೂಡ ಹೊರುವವನೇ. ಸಂತೆಯಿಂದ ಬಂದ ಸಂಜೆ ಅವಳು ನೀವುವಳು, ಮುಂದಿನ ಸಂತೆಗೆ ಅವನು ಮತ್ತೆ ಹೊರುವನು. "ಇಂಥ ಹೆಂಡ್ತಿ ಇದ್ಮೇಲೆ ಇವನಿಗೆ ಕತ್ತೆ ಯಾಕ್ರೋ ಬೇಕು" ಎಂದು ಊರವರು ಛೇಡಿಸಿದರೆ ಅವಳೂ ಉಬ್ಬುತ್ತಿದ್ದಳು. ತಾನು ರಿಪೇರಿ ಮಾಡಿ ಮಾಡಿಯೇ ಅವನನ್ನು ಮುಗಿಸುತ್ತಿದ್ದೇನೆ ಎಂದು ಹೊಳೆಯಲು, ಒಂದು ಸಂತೆಯ ಹಿಂದಿನ ಸಂಜೆ ಅವನ ಕೈಯಿಂದ ಕಾಫಿ ಲೋಟ ಜಾರಬೇಕಾಯಿತು.

"ಬೆರಳು ಜೋಮು ಹಿಡಿದಿದೆ, ಅಷ್ಟೇ," ಎಂದ.

"ಇದು ಬೆರಳಿಂದಲ್ಲ, ಕತ್ತಿಂದು. ಇನ್ನು ಹೊರಬೇಡಿ."

"ನಾಳೆ ಬೀರು ನೀನು ಹೊತ್ಕೊಂಡು ಹೋಗ್ತೀಯಾ? ನೋವು ತೆಗಿಯೇ ಮೊದ್ಲು, ಕಣ್ಣು ಬಿಡಕ್ಕಾಗ್ತಿಲ್ಲ."

ಮಾತಿಗೆ ಬಗ್ಗುವ ಆಸಾಮಿಯಲ್ಲ ಅವನು. ಹಸಿಂತಾ ಜನ್ಮದಲ್ಲೇ ಮಾಡದ ಕೆಲಸ ಮಾಡಿದಳು. ಗಂಟು ಹೆಬ್ಬೆರಳಿಗೆ ಸಿಕ್ಕಿತು, ಒತ್ತಲಿಲ್ಲ. ಪಕ್ಕದಲ್ಲೇ ಸುಮ್ಮನೆ ನೀವಿದಳು. ನೋವಿದ್ದರೆ ಮಲಗುತ್ತಾನೆ, ಮಲಗಿದರೆ ಉಳಿಯುತ್ತಾನೆ. ಅವನು ನರಳಿದ. ಆದರೂ ಬೆರಳು ಗಂಟಿನ ಮೇಲೆ ಹೋಗಲಿಲ್ಲ.

ಬೆಳಿಗ್ಗೆ ಅವನು ಒಂದು ಕಣ್ಣು ಮುಚ್ಚಿಕೊಂಡೇ ಎದ್ದ. ಅವಳ ಕೈಗಳನ್ನು ಬಹಳ ಹೊತ್ತು ನೋಡಿದ. ವಯಸ್ಸಾಯಿತು, ಕೈಗುಣ ಹೋಯಿತು, ಪಾಪ ಅವಳಿಗೇ ಗೊತ್ತಿಲ್ಲ ಎಂದುಕೊಂಡಿರಬೇಕು.

"ತಲೆ ಹೂವಿನ ಹಾಗಿದೆ. ನಿನ್ ಕೈ ನಿನ್ ಕೈಯೇ ಕಣೇ," ಎಂದು ನಕ್ಕು ಹಣೆಪಟ್ಟಿ ಏರಿಸಿದ.

ಸುಳ್ಳು ಎಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಆದರೆ ಬಾಯಿ ಬಿಟ್ಟರೆ ತನ್ನ ಸುಳ್ಳೂ ಹೊರಬೀಳುತ್ತಿತ್ತು. ಅವಳು ತಡವರಿಸುವಷ್ಟರಲ್ಲಿ ಅವನು ಬೀರುವಿನಡಿ ಹೊಕ್ಕಾಗಿತ್ತು. ಹಣೆಪಟ್ಟಿ ಬಿಗಿದವನು ತಿರುಗಿ ನೋಡಲಾರ.

ಇಳಿಜಾರಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದವನನ್ನು ಮಧ್ಯಾಹ್ನ ನಾಲ್ವರು ಎತ್ತಿ ತಂದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಎರಡು ಕೈಗಳೂ ಮೇಲೇಳಲಿಲ್ಲ. ನೋಡಲು ಬಂದವರಿಗೆಲ್ಲ ಅವನದು ಒಂದೇ ಮಾತು: "ಇವಳದೇನೂ ತಪ್ಪಿಲ್ಲಪ್ಪಾ. ಹಿಂದಿನ ಸಂಜೇನೇ ನೋವು ಪೂರ್ತಿ ತೆಗೆದಿದ್ಲು."

ಹಸಿಂತಾ ಪಕ್ಕದಲ್ಲೇ ಕೂತು, ಅವನ ಬಾಯಿಗೆ ರೊಟ್ಟಿ ಮುರಿದು ಹಾಕುತ್ತಾ, ಅದನ್ನು ಕೇಳಿಸಿಕೊಳ್ಳುತ್ತಿದ್ದಳು.